ಅಟ್ಟದ ಗೆಳೆಯರೂ ಗಡಿಯ ಓದುಗರೂ

ಕಾದಂಬರಿಯು ಏಕಾಂತದಲ್ಲಿ ಹುಟ್ಟಿದರೂ ಗೆಳೆತನದಲ್ಲಿ ಬೆಳೆಯುತ್ತದೆ. ಇದಕ್ಕೆ ಧಾರವಾಡದ ಇತಿಹಾಸವೇ ಸಾಕ್ಷಿ. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ನೆರೆಯಿತು. 1933ರಲ್ಲಿ ‘ಜಡಭರತ’ರೆಂದು ಖ್ಯಾತರಾದ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಸ್ಥಾಪಿಸಿದರು. ಅದರ ಅಟ್ಟವು ಲೇಖಕರಿಗೆ ತವರುಮನೆಯಾಯಿತು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಅಲ್ಲಿ ಹಸ್ತಪ್ರತಿಗಳನ್ನು ಓದಿ, ಚರ್ಚಿಸಿ, ಸಲಹೆಯಿತ್ತರು. ತರುಣ ಗಿರೀಶ ಕಾರ್ನಾಡರ ನಾಟಕ ‘ಯಯಾತಿ’ 1961ರಲ್ಲಿ, ಅನಂತಮೂರ್ತಿಯವರ ಕಾದಂಬರಿ ‘ಸಂಸ್ಕಾರ’ 1965ರಲ್ಲಿ ಈ ಮಾಲೆಯಲ್ಲಿಯೇ ಬೆಳಕು ಕಂಡವು.

ಲೇಖಕ, ಸಂಪಾದಕರಲ್ಲದೆ ಈ ಬಳಗದಲ್ಲಿ ಮೂರನೆಯವನೂ ಇದ್ದನು, ಅವನೇ ಚಂದಾದಾರ. ಹೊಸ ಲೇಖಕನ ಹೆಸರನ್ನು ಕೇಳುವ ಮೊದಲೇ ಹಣವಿತ್ತು, ಅಂಚೆಯ ದಾರಿ ಕಾಯುತ್ತಿದ್ದ ಆತನ ನಂಬಿಕೆಯೇ ಮಾಲೆಯ ಮೂಲಧನ.

ಬೇಂದ್ರೆಯವರು 1944ರಿಂದ 1956ರವರೆಗೆ ನಮ್ಮ ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಅದೇ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ, ಅಕ್ಕಲಕೋಟೆ, ಹೋಟಗಿಗಳು ಕನ್ನಡ ರಾಜ್ಯದ ಹೊರಗುಳಿದವು. ಗಡಿಯ ಗೆರೆಯು ಕಚೇರಿಗಳನ್ನು ಬೇರ್ಪಡಿಸಿತು. ಓದುಗರ ಬಳಗವನ್ನು ಬೇರ್ಪಡಿಸುವ ಶಕ್ತಿ ಅದಕ್ಕಿರಲಿಲ್ಲ. ಆ ಬಳಗ ಕರಗುವುದಾದರೆ ನಮ್ಮ ಉದಾಸೀನದಿಂದಲೇ ಕರಗೀತು.

ನಮ್ಮ ಶಾಲೆಗಳಲ್ಲಿ ಕನ್ನಡ ಕಲಿತ ಮಕ್ಕಳಿಗೆ ಮನೆಯಲ್ಲಿ ಓದಲು ಒಂದು ಕನ್ನಡ ಪುಸ್ತಕವಿಲ್ಲದಿದ್ದರೆ ಕಲಿತ ಅಕ್ಷರ ಎಷ್ಟು ದಿನ ಉಳಿದೀತು? ನಾವೆಲ್ಲರೂ ಲೇಖಕರಾಗಲಾರೆವು, ಆದರೆ ಆ ಮೂರನೆಯವರಾಗಬಲ್ಲೆವು. ಹೋಟಗಿಯಿಂದ ವಿಜಾಪುರ, ಗದಗಿನತ್ತ ಸಾಗುವ ರೈಲುಹಳಿಯಂತೆ ಪುಸ್ತಕದ ದಾರಿಯೂ ತೆರೆದೇ ಇದೆ. ಮನೆಗೊಂದು ಕನ್ನಡ ಪುಸ್ತಕದ ಕಪಾಟು ಈ ವಾರ್ಷಿಕೋತ್ಸವದ ಸಂಕಲ್ಪವಾಗಲಿ.