ಒಂದುಗಳ ಹಾರ ಮತ್ತು ಒಡೆಯದ ಸಂಖ್ಯೆ

ನರಗುಂದವೆಂದರೆ 1858ರ ಬಾಬಾಸಾಹೇಬರ ಬಂಡಾಯ, 1980ರ ರೈತ ಹೋರಾಟ. ಗಜೇಂದ್ರಗಡವೆಂದರೆ ಕೋಟೆ, ರೋಣವೆಂದರೆ ಎರೆಹೊಲ. ಈ ಸೀಮೆಗೂ ದೊಡ್ಡ ಸಂಖ್ಯೆಗಳ ಗಣಿತಕ್ಕೂ ಏನು ನಂಟು? ಅದನ್ನರಿಯಲು ಒಂಬತ್ತನೆಯ ಶತಮಾನಕ್ಕೆ ಹೋಗಬೇಕು.

ಆಗ ಇಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆ. ಕಿಸುವೊಳಲು (ಪಟ್ಟದಕಲ್ಲು), ಕೊಪಣ (ಕೊಪ್ಪಳ), ಪುಲಿಗೆರೆ (ಲಕ್ಷ್ಮೇಶ್ವರ), ಒಕ್ಕುಂದಗಳ ನಡುವಣ ನಾಡೇ ಕನ್ನಡದ ತಿರುಳೆಂದು 'ಕವಿರಾಜಮಾರ್ಗ' ಗುರುತಿಸಿತು. ರೋಣ, ನರಗುಂದಗಳು ಈ ತಿರುಳಿನೊಳಗಿವೆ. ಗಜೇಂದ್ರಗಡ ಅದರ ಅಂಚಿನಲ್ಲಿದೆ. ಅದೇ ಅರಸನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದ. ಗ್ರಂಥದ ಆರಂಭದಲ್ಲೇ ನೃಪತುಂಗನ ಸ್ತುತಿಯಿದೆ.

ಗುಣಾಕಾರ ಕಲಿಸುವಾಗ ಮಹಾವೀರ ಕೊಡುವ ಲೆಕ್ಕಗಳು ಸೊಗಸಾಗಿವೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಆತ ಕೊರಳಹಾರಕ್ಕೆ ಹೋಲಿಸಿದ.

ಈ ಹಾರವನ್ನು ಬಿಚ್ಚಿದರೆ 11, 73, 101, 137 ಎಂಬ ನಾಲ್ಕು ಮಣಿಗಳು ಸಿಗುತ್ತವೆ. ನಾಲ್ಕೂ ಅವಿಭಾಜ್ಯ ಸಂಖ್ಯೆಗಳು. ಅಂದರೆ 1 ಮತ್ತು ತಮ್ಮಿಂದಲೇ ಹೊರತು ಬೇರೆ ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದವು. ಹಾಗಾದರೆ ಒಂದುಗಳೇ ಇರುವ, ಒಡೆಯಲಾಗದ ಹಾರ ಇದೆಯೇ?

ಇದೆ, ಎರಡು ಒಂದುಗಳ 11 ಅಂಥದು. ಆದರೆ ಮುಂದಿನ ದಾರಿ ಸುಲಭವಲ್ಲ. ಎಂಟು ಒಂದುಗಳನ್ನು ಎರಡೆರಡಾಗಿ ಗುಂಪು ಮಾಡಬಹುದಾದ್ದರಿಂದ ಆ ಸಂಖ್ಯೆ 11ರಿಂದ ಭಾಗವಾಗುತ್ತದೆ. ಹೀಗೆ ಒಂದುಗಳ ಎಣಿಕೆಯನ್ನು ಸಮ ಗುಂಪುಗಳಾಗಿ ಹಂಚಲು ಬಂದರೆ ಇಡೀ ಸಂಖ್ಯೆಯೂ ಒಡೆಯುತ್ತದೆ. ಆದ್ದರಿಂದ ಎಣಿಕೆಯೂ ಅವಿಭಾಜ್ಯವಾಗಿರಲೇಬೇಕು. ಅಷ್ಟೇ ಸಾಲದು: ಮೂರು ಒಂದುಗಳು 3 ಮತ್ತು 37ರ ಗುಣಲಬ್ಧ, ಐದು ಒಂದುಗಳು 41 ಮತ್ತು 271ರ ಗುಣಲಬ್ಧ.

11ರ ನಂತರ ಸಿಗುವ ಒಡೆಯದ ಹಾರದಲ್ಲಿ 19 ಒಂದುಗಳಿವೆ. ಅದನ್ನು ಒಂದೊಂದೇ ಸಂಖ್ಯೆಯಿಂದ ಭಾಗಿಸಿ ಪರೀಕ್ಷಿಸಹೊರಟರೆ 105 ಕೋಟಿಯವರೆಗೆ ಹೋಗಬೇಕಾಗುತ್ತದೆ! ಆದರೂ ಕಂಪ್ಯೂಟರ್ ಇಲ್ಲದ ಕಾಲದಲ್ಲಿ, 1918ರ ವೇಳೆಗೆ, ಅದು ಅವಿಭಾಜ್ಯವೆಂದು ಸಿದ್ಧವಾಯಿತು. ಜಾಣ ತರ್ಕ ಆ ದುಡಿಮೆಯನ್ನು ಉಳಿಸಿತು. ಅನಂತರ 23 ಒಂದುಗಳದು, 1977ರಲ್ಲಿ 317, 1986ರಲ್ಲಿ 1,031, 2022ರಲ್ಲಿ 49,081 ಒಂದುಗಳ ಸಂಖ್ಯೆ. ಇಂಥವು ಅನಂತವಾಗಿವೆಯೇ ಎಂಬುದನ್ನು ಇಂದಿಗೂ ಯಾರೂ ಸಾಧಿಸಿಲ್ಲ.

ನೂರಾರು ಅಂಕಿಗಳ ಅವಿಭಾಜ್ಯಗಳು ಇಂದು ಬ್ಯಾಂಕ್ ವ್ಯವಹಾರದ ಗುಟ್ಟು ಕಾಯುತ್ತವೆ. ಒಂದುಗಳ ಹಾರಕ್ಕೆ ಅಂಥ ಉಪಯೋಗವೇನೂ ಇಲ್ಲ. ಆದರೆ ಬಡ್ಡಿ, ಬೆಲೆ, ಹೊಲದಳತೆಗಳ ಲೆಕ್ಕ ಹೇಳಿಕೊಟ್ಟ ಮಹಾವೀರ, ಅದೇ ಪುಸ್ತಕದಲ್ಲಿ ಸಂಖ್ಯೆಯ ಚೆಲುವಿಗೂ ಜಾಗ ಕೊಟ್ಟ. ಗಣಿತವೆಂದರೆ ಮಕ್ಕಳು ಹೆದರುವ ಈ ದಿನಗಳಲ್ಲಿ, ಮಗ್ಗಿಯ ಜೊತೆಗೆ ಈ ಹಾರವನ್ನೂ ಶಾಲೆಯ ಹಲಗೆಯ ಮೇಲೆ ಬರೆದು ತೋರಿಸಬಾರದೇಕೆ?