ಅಡಮಾನದ ಮನೆಯ ಸ್ವಾಧೀನ: ಪುತ್ತೂರು, ಸುಳ್ಯ, ಕಡಬಕ್ಕೆ ದಂಡಾಧಿಕಾರಿ ಯಾರು?

ಸುಸ್ತಿದಾರನ ಮನೆಗೆ ಬೀಗ ಜಡಿಯಲು ಹಿಂದೆ ಬ್ಯಾಂಕುಗಳು ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿತ್ತು. ಪ್ರಾಥಮಿಕ ಡಿಕ್ರಿ, ಅಂತಿಮ ಡಿಕ್ರಿ, ಆಮೇಲೆ ಅಮಲ್ಜಾರಿ. ಅಷ್ಟರಲ್ಲಿ ವರ್ಷಗಳೇ ಉರುಳುತ್ತಿದ್ದವು. 1993ರ ಕಾಯ್ದೆ ದೊಡ್ಡ ಸಾಲಗಳಿಗೆ ಪ್ರತ್ಯೇಕ ನ್ಯಾಯಮಂಡಳಿಯನ್ನು ಕೊಟ್ಟಿತು. 2002ರ ಸರ್ಫೇಸಿ ಕಾಯ್ದೆ ಇನ್ನೂ ಮುಂದೆ ಹೋಗಿ, 60 ದಿನಗಳ ನೋಟಿಸು ಕೊಟ್ಟ ಬ್ಯಾಂಕು ತಾನೇ ಆಸ್ತಿಯನ್ನು ವಶಕ್ಕೆ ಪಡೆಯಬಹುದೆಂದಿತು. ಒಳಗಿದ್ದವರು ಬಾಗಿಲು ತೆರೆಯದಿದ್ದರೆ ನೆರವಾಗಬೇಕಾದವರು 14ನೇ ಕಲಮಿನ ದಂಡಾಧಿಕಾರಿ.

ಆ ಕಲಮು ಇಬ್ಬರನ್ನಷ್ಟೇ ಹೆಸರಿಸುತ್ತದೆ: ಮುಖ್ಯ ಮಹಾನಗರ ದಂಡಾಧಿಕಾರಿ ಮತ್ತು ಜಿಲ್ಲಾ ದಂಡಾಧಿಕಾರಿ. ದಕ್ಷಿಣ ಕನ್ನಡದಲ್ಲಿ ಮೊದಲನೆಯವರು ಇಲ್ಲ. ಅಕ್ಷರಶಃ ಓದಿದರೆ ಪುತ್ತೂರಿನ ಪೇಟೆಮನೆಯ ಕಡತವೂ ಸುಳ್ಯದ ಅಂಗಡಿಯ ಕಡತವೂ ಮಂಗಳೂರಿನ ಜಿಲ್ಲಾಧಿಕಾರಿಯ ಮೇಜಿಗೇ ಹೋಗಬೇಕು. ಚುನಾವಣೆ, ನೆರೆ, ಕಂದಾಯಗಳ ನಡುವೆ ಆ ಕಡತದ ಸರದಿ ಯಾವಾಗ? 2016ರ ತಿದ್ದುಪಡಿ 30 ದಿನಗಳ ಗಡುವು ವಿಧಿಸಿ, ಕಾರಣ ಬರೆದಿಟ್ಟು ಒಟ್ಟು 60 ದಿನಗಳವರೆಗೆ ವಿಸ್ತರಿಸಲು ಅವಕಾಶ ಕೊಟ್ಟಿತು. ಆದರೆ ಗಡುವು ಮೀರಿದರೂ ಅಧಿಕಾರ ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು.

ಮಹಾನಗರವಲ್ಲದ ಊರುಗಳಲ್ಲಿ ಮುಖ್ಯ ನ್ಯಾಯಿಕ ದಂಡಾಧಿಕಾರಿ, ಅಂದರೆ ಸಿಜೆಎಂ, ಈ ಅರ್ಜಿ ತೆಗೆದುಕೊಳ್ಳಬಹುದೇ? ಕರ್ನಾಟಕ ಮತ್ತು ಕೇರಳದ ಹೈಕೋರ್ಟ್‌ಗಳು ಹೌದೆಂದವು. ಹಾಗಾಗಿ ಸುಳ್ಯದ ಗಡಿಯಾಚೆಯ ಕಾಸರಗೋಡಿನಲ್ಲೂ ಇದೇ ನಿಯಮ ನಡೆಯಿತು. ಬಾಂಬೆ, ಮದ್ರಾಸ್, ಕಲ್ಕತ್ತ ಹೈಕೋರ್ಟ್‌ಗಳು ಒಪ್ಪಲಿಲ್ಲ. 2019ರ ಸೆಪ್ಟೆಂಬರ್ 23ರಂದು ಇಂಡಿಯನ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕ, ಕೇರಳಗಳ ನಿಲುವನ್ನೇ ಎತ್ತಿಹಿಡಿಯಿತು. 2022ರ ಜುಲೈಯಲ್ಲಿ ಆರ್.ಡಿ. ಜೈನ್ ಪ್ರಕರಣದ ತೀರ್ಪು ಹೆಚ್ಚುವರಿ ದಂಡಾಧಿಕಾರಿಗಳಿಗೂ ಈ ಅಧಿಕಾರವಿದೆ ಎಂದಿತು. ಎರಡನ್ನೂ ಜೋಡಿಸಿ ಓದಿದಾಗ ಮಾತ್ರ ಪುತ್ತೂರಿನ ಹಿರಿಯ ಸಿವಿಲ್ ನ್ಯಾಯಾಧೀಶರು ಹೆಚ್ಚುವರಿ ಸಿಜೆಎಂ, ಅಂದರೆ ಎಸಿಜೆಎಂ, ಆಗಿ ಕೂರುವ ಪೀಠಕ್ಕೆ ದಾರಿ ತೆರೆಯುತ್ತದೆ. ಸುಳ್ಯ, ಕಡಬದ ಆಸ್ತಿಯೂ ಆ ಪೀಠದಡಿ ಬರುತ್ತದೆಯೇ ಎಂಬುದನ್ನು ನಿರ್ಧರಿಸುವುದು ಹೈಕೋರ್ಟ್ ಗೊತ್ತುಪಡಿಸಿದ ಪ್ರಾದೇಶಿಕ ವ್ಯಾಪ್ತಿ. ಕಂದಾಯ ತಾಲೂಕಿನ ಗೆರೆಯಲ್ಲ. ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಕೂಡಿಸಿ ಈಚೆಗೆ ರಚಿಸಿದ ಕಡಬದ ವಿಷಯದಲ್ಲಿ ಇದನ್ನು ಮರೆಯುವಂತಿಲ್ಲ.

ಇನ್ನೊಂದು ವಿಚಿತ್ರ. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಮಹಾನಗರ ದಂಡಾಧಿಕಾರಿಗಳ ವರ್ಗವನ್ನೇ ಕೈಬಿಟ್ಟಿತು. 14ನೇ ಕಲಮಿನಲ್ಲಿ ಹೆಸರಿದ್ದ ಇಬ್ಬರಲ್ಲಿ ಒಬ್ಬರು ಹೋದರು, ಹೆಸರಿಲ್ಲದ ಸಿಜೆಎಂ ಉಳಿದರು.

ಈ ಮೂರು ತಾಲೂಕುಗಳಲ್ಲಿ ನಿಜವಾದ ತಕರಾರು ಹುಟ್ಟುವುದು ತೋಟದಲ್ಲಿ. 31ನೇ ಕಲಮು ಕೃಷಿಭೂಮಿಯನ್ನು ಈ ಕಾಯ್ದೆಯಿಂದ ಹೊರಗಿಟ್ಟಿದೆ. ಇಲ್ಲಿಯ ಮನೆ ಅಡಕೆ ತೋಟದ ನಡುವೆ ಇರುತ್ತದೆ. ಅಂಗಳ, ಹಟ್ಟಿ, ತೋಟಗಳಿಗೆ ಎಷ್ಟೋ ಕಡೆ ಒಂದೇ ಪಹಣಿ. ಮನೆಯಡಿಯ ಕೆಲವು ಸೆಂಟ್ಸ್ ಮಾತ್ರ ಭೂಪರಿವರ್ತನೆಯಾಗಿದ್ದರೆ ಬ್ಯಾಂಕಿನ ಹಕ್ಕು ಎಲ್ಲಿಗೆ ನಿಲ್ಲುತ್ತದೆ? ಭೂಮಿ ಕೃಷಿಯದ್ದೇ ಎಂಬುದನ್ನು ಅದರ ಸ್ವರೂಪ, ಬಳಕೆಗಳ ಸಾಕ್ಷ್ಯದಿಂದ ತೀರ್ಮಾನಿಸಬೇಕು, ದಾಖಲೆಯೊಂದೇ ಸಾಲದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದರೆ ಆ ಸಾಕ್ಷ್ಯವನ್ನು ತೂಗುವುದು ದಂಡಾಧಿಕಾರಿಯ ಕೆಲಸವಲ್ಲ. 2013ರ ತಿದ್ದುಪಡಿ ಕಡ್ಡಾಯ ಮಾಡಿದ, ಒಂಬತ್ತು ಅಂಶಗಳ ಪ್ರಮಾಣಪತ್ರ ಸರಿಯಿದೆಯೇ ಎಂದು ನೋಡಿ ಆದೇಶ ಹೊರಡಿಸುವುದಷ್ಟೇ ಅವರ ಪಾಲು. ಜಾಗಕ್ಕೆ ಹೋಗಲು ವಕೀಲರನ್ನೇ ಕಮಿಷನರಾಗಿ ನೇಮಿಸಬಹುದೆಂಬುದೂ 2022ರಲ್ಲಿ ಇತ್ಯರ್ಥವಾಯಿತು.

ಸಹಕಾರಿ ಬ್ಯಾಂಕುಗಳಿಗೂ ಈ ಕಾಯ್ದೆ ಸಲ್ಲುತ್ತದೆಂದು 2020ರಲ್ಲಿ ಸಂವಿಧಾನ ಪೀಠ ಹೇಳಿತು. ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘದ ವಸೂಲಿ ಮಾತ್ರ ಈಗಲೂ 1959ರ ಸಹಕಾರ ಕಾಯ್ದೆಯ ದಾರಿಯಲ್ಲೇ.

ತೋಟದ ತಕರಾರೆತ್ತಲು ಸಾಲಗಾರನಿಗಿರುವ ಜಾಗ 17ನೇ ಕಲಮಿನ ಸಾಲ ವಸೂಲಾತಿ ನ್ಯಾಯಮಂಡಳಿ. ಅರ್ಜಿಗೆ 45 ದಿನಗಳ ಮಿತಿ; ಸಿವಿಲ್ ನ್ಯಾಯಾಲಯದ ಬಾಗಿಲನ್ನು 34ನೇ ಕಲಮು ಮುಚ್ಚಿದೆ. ಅರ್ಜಿ ಹಾಕಲು ಬಾಕಿಯ 75 ಶೇಕಡಾ ಠೇವಣಿ ಇಡಬೇಕೆಂಬ ಷರತ್ತನ್ನು 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ತೀರ್ಪು ರದ್ದುಗೊಳಿಸಿದ್ದು ಸಾಲಗಾರನಿಗೆ ಸಿಕ್ಕ ದೊಡ್ಡ ಉಪಕಾರ. ಹೀಗೆ ಇಪ್ಪತ್ತು ವರ್ಷಗಳಲ್ಲಿ ಸ್ವಾಧೀನದ ಆದೇಶ ಪುತ್ತೂರಿನ ಬಾಗಿಲಿಗೆ ಬಂತು. ಅದನ್ನು ಪ್ರಶ್ನಿಸುವ ನ್ಯಾಯಮಂಡಳಿ ಇರುವುದು ಘಟ್ಟದ ಮೇಲೆ, ಬೆಂಗಳೂರಿನಲ್ಲಿ. ಅದರ ಮೇಲ್ಮನವಿ ಚೆನ್ನೈಯಲ್ಲಿ.