ತೊಟ್ಟಿಲಿಗೊಂದು ಮನೆ

ಸಾಗರದಿಂದ ಜೋಗದ ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು ಒಳಕ್ಕೆ ಹೊರಳಿದರೆ ಹೊನ್ನೆಮರಡು ಸಿಗುತ್ತದೆ. ಅಲ್ಲಿ ಶರಾವತಿಯ ಹಿನ್ನೀರು ಕಣ್ಣು ಹಾಯುವಷ್ಟು ದೂರ ಹರಡಿಕೊಂಡಿದೆ. 1980ರಲ್ಲಿ ನಾನು ಉಪಾಧ್ಯಾಯನಾಗಿ ಆ ಸೀಮೆಗೆ ವರ್ಗವಾಗಿ ಬಂದೆ. ಜೊತೆಯಲ್ಲಿ ಹೆಂಡತಿ, ಆರು ತಿಂಗಳ ಮಗು. ಬಾಡಿಗೆಗೊಂದು ಮನೆ ಬೇಕಾಗಿತ್ತು. ಹಿನ್ನೀರಿಗೆ ಮುಖಮಾಡಿದ್ದ ಒಂದು ಮನೆಯ ಜಗಲಿಯಲ್ಲಿ ಕುಳಿತು, ಮಗು ಬೆಳೆಯುವುದಕ್ಕೆ ಇದಕ್ಕಿಂತ ರಮ್ಯವಾದ ತಾಣವುಂಟೆ ಎಂದು ಬೀಗಿದ್ದೆ.

ದಾರಿ ತೋರಿಸಲು ಬಂದಿದ್ದ ಹಿರಿಯ ಹೆಂಗಸು ನಕ್ಕರು. “ಮೇಷ್ಟ್ರೇ, ನೀರು ನೋಡಿದ್ದು ಸಾಕು. ನಡುರಾತ್ರಿ ಕೂಸಿಗೆ ಜ್ವರ ಬಂದರೆ ಯಾವ ದಾರೀಲಿ ಹೋಗ್ತೀರಿ?”

ಆಕೆ ಮುಳುಗಡೆಯ ಊರಿನವರು. ಶರಾವತಿಗೆ ಮೊದಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಮುಗಿದದ್ದು 1948ರಲ್ಲಿ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಆ ಹಳೆಯ ಕಟ್ಟೆಯೇ ನೀರೊಳಗೆ ಹೋಯಿತು. ಮಳೆ ಕೈಕೊಟ್ಟ ವರ್ಷಗಳ ಬೇಸಗೆಯಲ್ಲಿ ಅದು ಇಂದಿಗೂ ತಲೆಯೆತ್ತುತ್ತದೆ. ನಾಡಿಗೆ ವಿದ್ಯುತ್ತು ಬಂತು. ಅದಕ್ಕಾಗಿ ಗದ್ದೆ, ತೋಟ, ಮನೆ ಬಿಟ್ಟವರು ಲಾರಿಯಲ್ಲಿ ಪಾತ್ರೆಪರಟೆ, ತೊಟ್ಟಿಲು ಹೇರಿಕೊಂಡು ಕಂಡರಿಯದ ಕಾಡಿನಂಚಿಗೆ ಹೋಗಿ ಬಿಡಾರ ಹೂಡಿದರು. ಈಕೆಯ ಕಂಕುಳಲ್ಲೂ ಆಗ ವರ್ಷ ತುಂಬದ ಮಗುವಿತ್ತಂತೆ.

ಆದ್ದರಿಂದ ಆಕೆ ಮನೆ ನೋಡುವ ಕ್ರಮವೇ ಬೇರೆ. ನಡುಮನೆಗೆ ಹೋಗುವ ಮೊದಲು ಬಾವಿಗೆ ಕಟ್ಟೆಯಿದೆಯೆ ಎಂದು ನೋಡಿದರು. ತೆವಳುವ ಮಗುವಿಗೆ ಅದೇ ಮೊದಲ ಗಂಡಾಂತರ. ಆಮೇಲೆ ಬಚ್ಚಲು. ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದು. ಬಚ್ಚಲ ಒಲೆಯ ಕಾವೊಂದೇ ಮಗುವಿನ ಬಟ್ಟೆಯನ್ನು ಒಣಗಿಸುವುದು. ಕೊನೆಗೆ ಕೊಟ್ಟಿಗೆ. ಕಾಡಿನಿಂದ ತಂದ ದರಕು ಅಲ್ಲಿ ರಾಶಿಬಿದ್ದಿದ್ದರೆ ಆ ಮನೆ ಬೇಡವೆಂದರು.

ಈ ಕೊನೆಯ ಮಾತಿನ ಹಿಂದೆಯೂ ಒಂದು ಚರಿತ್ರೆಯಿದೆ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಮನುಷ್ಯರಿಗೂ ಜ್ವರ ಹಿಡಿಯಿತು. ಉಣುಗು ಕಚ್ಚುವುದರಿಂದ ಹರಡುವ ಈ ರೋಗಕ್ಕೆ ಜಗತ್ತಿನ ವೈದ್ಯಗ್ರಂಥಗಳು ಕ್ಯಾಸನೂರಿನ ಹೆಸರನ್ನೇ ಇಟ್ಟವು. ನಮ್ಮ ಜನರಿಗೆ ಅದು ಮಂಗನ ಕಾಯಿಲೆ. ಉಣುಗು ತರಗೆಲೆಯ ಜೊತೆಗೂ ದನದ ಮೈಮೇಲೂ ಮನೆಯಂಗಳಕ್ಕೆ ಬರಬಲ್ಲದು. ಇದೇ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಅದು ಮತ್ತೆ ಜೀವಗಳನ್ನು ಬಲಿತೆಗೆದುಕೊಂಡಿತು.

ಇನ್ನು ದಾರಿಯ ಮಾತು. ಮುಳುಗಡೆಯ ನಂತರ ತುಮರಿ ಕಡೆಯವರಿಗೆ ಸಾಗರದ ಹತ್ತಿರದ ದಾರಿ ನೀರಾಯಿತು. ಹೊಳೆಬಾಗಿಲಿನ ಲಾಂಚು ಸಂಜೆಗೆ ನಿಂತರೆ, ರಾತ್ರಿ ಕಾಯಿಲೆ ಬಿದ್ದ ಮಗುವಿನ ತಾಯಿ ಬೆಳಗಿನತನಕ ಕಾಯಬೇಕು, ಇಲ್ಲವೆ ಕಾಡು ಸುತ್ತಿ ಹೋಗಬೇಕು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಮುಳುಗಡೆಯ ವರ್ಷ ತೊಟ್ಟಿಲಲ್ಲಿದ್ದವರು ಅಷ್ಟರಲ್ಲಿ ಅರವತ್ತು ದಾಟಿದ್ದರು.

ನಾನು ಹಿಡಿದದ್ದು ಪೇಟೆಯ ಓಣಿಯ ಒಂದು ಸಾಧಾರಣ ಹಂಚಿನ ಮನೆ. ಜಗಲಿಯಿಂದ ಕಾಣುತ್ತಿದ್ದದ್ದು ಎದುರುಮನೆಯ ಗೋಡೆ ಮಾತ್ರ. ಆದರೆ ಆ ವರ್ಷದ ಆಷಾಢದಲ್ಲಿ ಒಂದು ರಾತ್ರಿ ಮಗುವಿಗೆ ಜ್ವರವೇರಿದಾಗ ಎದುರುಮನೆಯವರೇ ಲಾಟೀನು ಹಿಡಿದು ಬಂದರು. ಕಾಲು ಗಂಟೆಯಲ್ಲಿ ವೈದ್ಯರ ಬಾಗಿಲಲ್ಲಿದ್ದೆವು.

ಮೊನ್ನೆ ಹೊನ್ನೆಮರಡಿಗೆ ಮತ್ತೆ ಹೋಗಿದ್ದೆ. ನೀರು ಅಂದಿನಷ್ಟೇ ಚೆಲುವಾಗಿತ್ತು. ನಾನು ನಾಲ್ಕು ಮನೆ ನೋಡಿ, ಮೂರನ್ನು ಬೇಡವೆಂದು, ಒಂದನ್ನು ಒಪ್ಪಿದವನು. ಹೇಗೆ ಆರಿಸಬೇಕೆಂದು ನನಗೆ ಕಲಿಸಿದಾಕೆಗಾದರೋ, ತನ್ನ ಮಗುವನ್ನೆತ್ತಿಕೊಂಡು ಹೊರಟ ದಿನ ಬೇಡವೆನ್ನುವ ಅವಕಾಶವೇ ಇರಲಿಲ್ಲ.